ನಲ್ಗೊಂಡದ ನೀರು, ರಾಚೆಸ್ಟರಿನ ಮಾತ್ರೆ

ಕಳೆದ ವರ್ಷ ನನ್ನ ತಾಯಿ ಬಚ್ಚಲುಮನೆಯ ಹೊಸ್ತಿಲು ಎಡವಿ, ಕೈಯೂರಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡರು. ಪಟ್ಟಿ ಬಿಚ್ಚಿದ ಮೇಲೆ ಇಲ್ಲಿನ, ಅಂದರೆ ಹೈದರಾಬಾದಿನ ವೈದ್ಯರೊಬ್ಬರು ಮೂಳೆಯ ಸಾಂದ್ರತೆಯನ್ನು ಅಳೆಯುವ ಡೆಕ್ಸಾ ಪರೀಕ್ಷೆಯನ್ನು ಮಾಡಿಸಿದರು. ವರದಿ ವಿಚಿತ್ರವಾಗಿತ್ತು. ತೊಡೆಮೂಳೆಯ ಕತ್ತಿನ ಅಂಕ ಮೈನಸ್ 2.6, ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೊತ್ತುಪಡಿಸಿದ ಗಡಿ ಮೈನಸ್ 2.5 ಆದ್ದರಿಂದ ಇದು ಆಸ್ಟಿಯೊಪೊರೋಸಿಸ್, ನಮ್ಮ ಆಡುಮಾತಿನಲ್ಲಿ ಮೂಳೆ ಸವೆತ. ಬೆನ್ನುಮೂಳೆಯ ಅಂಕವಾದರೋ ಯೌವನದ ಹೆಂಗಸಿನದಕ್ಕಿಂತಲೂ ಉತ್ತಮವಾಗಿತ್ತು. ಎಪ್ಪತ್ತೆರಡು ವರ್ಷದ ಒಂದೇ ದೇಹಕ್ಕೆ ಎರಡು ತೀರ್ಪು. ಈ ಗೋಜಲನ್ನು ಬಿಡಿಸಿಕೊಳ್ಳಲು ಓದಲು ತೊಡಗಿದವಳು ನಾನಿರುವ ಊರಿನಿಂದ ನೂರು ಕಿಲೋಮೀಟರ್ ದೂರದ ನಲ್ಗೊಂಡಕ್ಕೇ ಬಂದು ನಿಂತೆ.

ವಯಸ್ಸಾದವರ ಮೂಳೆ ಸುಲಭವಾಗಿ ಮುರಿಯುತ್ತದೆಂಬುದು ಯಾರೂ ಕಂಡುಹಿಡಿಯಬೇಕಾದ ಸಂಗತಿಯಾಗಿರಲಿಲ್ಲ. ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ 1822ರ ತನ್ನ ಗ್ರಂಥದಲ್ಲಿ ತೊಡೆಮೂಳೆಯ ಕತ್ತಿನ ಮುರಿತವನ್ನು ಇಳಿವಯಸ್ಸಿನೊಂದಿಗೆ, ತೆಳುವಾಗುತ್ತ ಹೋಗುವ ಮೂಳೆಯೊಂದಿಗೆ ಜೋಡಿಸಿದ್ದ. ರಂಧ್ರಮಯ ಮೂಳೆಗೆ ಈಗಿನ ಹೆಸರನ್ನು ಕೊಟ್ಟವನು ಸ್ಟ್ರಾಸ್‌ಬರ್ಗಿನ ಲೋಬ್‌ಸ್ಟೈನ್, ಬಹುಮಟ್ಟಿಗೆ ಅದೇ ಕಾಲದವನು. ಆದರೆ ಹೆಂಗಸರಿಗೇ ಇದು ಹೆಚ್ಚೇಕೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ಇನ್ನೂ ನೂರು ವರ್ಷ ಬೇಕಾಯಿತು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಫುಲ್ಲರ್ ಆಲ್‌ಬ್ರೈಟ್ ಮತ್ತು ಸಂಗಡಿಗರು ಅರವತ್ತೈದು ದಾಟದ, ಬೇರೆ ಕಾರಣ ಕಾಣದ 42 ರೋಗಿಗಳನ್ನು ಸಾಲಾಗಿ ನೋಡಿದಾಗ ಅವರಲ್ಲಿ 40 ಮಂದಿ ಮುಟ್ಟು ನಿಂತ ಹೆಂಗಸರಾಗಿದ್ದರು. ಅಂಡಾಶಯದ ಈಸ್ಟ್ರೊಜೆನ್ ಬತ್ತಿದರೆ ಮೂಳೆ ಕಟ್ಟುವ ಕೆಲಸ ಹಿಂದೆ ಬೀಳುತ್ತದೆಂಬ ಊಹೆಗೆ ಅವರಿಗೆ ಒತ್ತಾಸೆಯಾದದ್ದು ಪಾರಿವಾಳಗಳು. ಮೊಟ್ಟೆಯಿಡುವ ಮುನ್ನ ಹೆಣ್ಣು ಪಾರಿವಾಳ ತನ್ನ ಮೂಳೆಗಳೊಳಗೆ ಸುಣ್ಣವನ್ನು ಕೂಡಿಡುತ್ತದೆ. ಈಸ್ಟ್ರೊಜೆನ್ ಕೊಟ್ಟರೂ ಹಾಗೆಯೇ ಆಗುತ್ತದೆಂದು ಆಗಷ್ಟೇ ತಿಳಿದಿತ್ತು. 1941ರಲ್ಲಿ ಪ್ರಕಟವಾದ ಆ ಲೇಖನದಿಂದಲೇ ‘ಋತುಬಂಧಾನಂತರದ ಆಸ್ಟಿಯೊಪೊರೋಸಿಸ್’ ಎಂಬ ಮಾತು ವೈದ್ಯಶಾಸ್ತ್ರದಲ್ಲಿ ನೆಲೆಯೂರಿತು.

ಈಸ್ಟ್ರೊಜೆನ್ ಮಾತ್ರೆಯ ಕಥೆ ಬಹಳ ಮಂದಿಗೆ ಗೊತ್ತಿದೆ. ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಹಾರ್ಮೋನು, ಅರವತ್ತರ ದಶಕದಲ್ಲಿ ಅದಕ್ಕೆ ಸಿಕ್ಕ ನಿತ್ಯಯೌವನದ ಜಾಹೀರಾತು, 1975ರಲ್ಲಿ ಗರ್ಭಕೋಶದ ಕ್ಯಾನ್ಸರಿನ ಎಚ್ಚರಿಕೆ, ಕಡೆಗೆ 16,608 ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆಯುತ್ತಿದ್ದ ಪ್ರಯೋಗವನ್ನು 2002ರಲ್ಲಿ ಅರ್ಧಕ್ಕೇ ನಿಲ್ಲಿಸಿದ್ದು. ಆ ಪ್ರಯೋಗದಲ್ಲಿ ತೊಡೆಮೂಳೆಯ ಮುರಿತ ಮೂರನೆಯ ಒಂದರಷ್ಟು ತಗ್ಗಿತ್ತೆಂಬುದನ್ನು ಮಾತ್ರ ಜನ ಮರೆತರು. ಹಾರ್ಮೋನು ಮೂಳೆಯನ್ನು ಕಾಯುತ್ತಿತ್ತು. ಸ್ತನ ಮತ್ತು ರಕ್ತನಾಳಗಳಲ್ಲಿ ಬೆಲೆ ಕೇಳುತ್ತಿತ್ತು.

ಅಷ್ಟಾಗಿ ಯಾರೂ ಹೇಳದ ಕಥೆ ಫ್ಲೋರೈಡಿನದು.

1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಬಾವಿನೀರಿನ ಫ್ಲೋರೈಡಿನಿಂದ ಬೆನ್ನು ಮರಗಟ್ಟಿ ಬಾಗಲಾರದೆ ಹೋದವರ ವಿವರಗಳನ್ನು ಪ್ರಕಟಿಸಿದ್ದರು. 1955ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ನಲ್ಗೊಂಡ ಜಿಲ್ಲೆಯ ಇಂಥವೇ ರೋಗಿಗಳ ಬಗ್ಗೆ ಸಿದ್ದೀಕಿಯವರ ಲೇಖನವನ್ನು ಅಚ್ಚುಮಾಡಿತು. ಎಕ್ಸ್‌ರೇಯಲ್ಲಿ ಇವರ ಬೆನ್ನುಮೂಳೆ ಸುಣ್ಣದ ಕಲ್ಲಿನಂತೆ ಬೆಳ್ಳಗೆ ಕಾಣುತ್ತಿತ್ತು. ಫ್ಲೋರೈಡ್ ಮೂಳೆ ಕಟ್ಟುವ ಜೀವಕೋಶಗಳನ್ನು ಕೆರಳಿಸುತ್ತದೆ, ಮೂಳೆಯ ಹರಳುಗಳೊಳಕ್ಕೆ ಸೇರಿಕೊಂಡು ಅವನ್ನು ಬೇರೆಯೇ ಹರಳುಗಳನ್ನಾಗಿಸುತ್ತದೆ. ನಮ್ಮ ಸೀಮೆಯಲ್ಲಿ ಇದು ಶಾಪವಾಗಿದ್ದರೆ ಅಮೆರಿಕದಲ್ಲಿ ಕೆಲವರಿಗೆ ವರದಂತೆ ತೋರಿತು. ಮುಟ್ಟು ನಿಂತ ಹೆಂಗಸರಲ್ಲಿ ಬೆನ್ನುಮೂಳೆ ತೆಳುವಾಗುವುದೇ ಕಷ್ಟವಾಗಿರುವಾಗ ಅದನ್ನು ದಟ್ಟವಾಗಿಸುವ ವಸ್ತುವನ್ನೇ ಹದವಾಗಿ ಕೊಟ್ಟರೆ? 1961ರಲ್ಲಿ ರಿಚ್ ಮತ್ತು ಎನ್ಸಿಂಕ್ ‘ನೇಚರ್’ ಪತ್ರಿಕೆಯಲ್ಲಿ ಸೋಡಿಯಂ ಫ್ಲೋರೈಡ್ ಕೊಟ್ಟು ನೋಡಿದ ವಿವರವನ್ನು ಬರೆದರು. 1966ರಲ್ಲಿ ಉತ್ತರ ಡಕೋಟಾದ ಅಧ್ಯಯನವೊಂದು ಫ್ಲೋರೈಡ್ ಹೆಚ್ಚಿರುವ ನೀರಿನ ಊರುಗಳ ಹೆಂಗಸರಲ್ಲಿ ಮೂಳೆ ಸವೆತ ಕಡಿಮೆಯೆಂದಿತು. ಯೂರೋಪಿನ ಕೆಲವು ದೇಶಗಳಲ್ಲಿ ಫ್ಲೋರೈಡ್ ಅಧಿಕೃತ ಔಷಧಿಯೇ ಆಯಿತು.

ಈ ಉತ್ಸಾಹದ ನಡುವೆಯೇ, 1973ರಲ್ಲಿ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿಯವರ ಚಿಕ್ಕ ಲೇಖನವೊಂದು ‘ಲ್ಯಾನ್ಸೆಟ್’ನಲ್ಲಿ ಬಂದಿತು. ಫ್ಲೋರೈಡ್ ಸೀಮೆಯ ಎಳೆಯರ ಮಂಡಿಗಳು ಒಳಬಾಗಿ ಒಂದಕ್ಕೊಂದು ತಾಗುವ ವಿಕಾರದ ಬಗ್ಗೆ ಅದು. ಶೀರ್ಷಿಕೆಯಲ್ಲೇ ಒಂದು ಪದ ಕಾದಿತ್ತು: ಆಸ್ಟಿಯೊಪೊರೋಸಿಸ್. ಬೆನ್ನುಮೂಳೆ ದಟ್ಟವಾಗಿದ್ದ ಅವರ ಕೈಕಾಲುಗಳ ಮೂಳೆ ಸವೆದಿತ್ತು. ಫ್ಲೋರೈಡ್ ಒಂದು ಕಡೆ ಕೂಡಿಸುವಾಗ ಇನ್ನೊಂದು ಕಡೆ ಕಳೆಯುತ್ತಿರಬಹುದೆಂಬ ಸುಳಿವು ಅದರಲ್ಲಿತ್ತು. ಅದು ಬಡವರ ನೀರಿನ ರೋಗವೆಂಬ ಕಪಾಟಿನಲ್ಲೇ ಉಳಿಯಿತೆಂದು ನನಗನ್ನಿಸುತ್ತದೆ. ಎಳೆಯರ ಬೆಳೆಯುವ ಮೂಳೆಗೂ ಅರವತ್ತರ ಹೆಂಗಸಿನ ಮೂಳೆಗೂ ವ್ಯತ್ಯಾಸವಿದೆ, ಅಲ್ಲಿನವರಿಗೆ ಸುಣ್ಣದಂಶವೂ ಸಾಲುತ್ತಿರಲಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಆ ಪದ ಕಣ್ಣಿಗೆ ಬೀಳಬೇಕಿತ್ತು.

ಮಿನ್ನೆಸೋಟಾದ ರಾಚೆಸ್ಟರ್ ಊರಿನ ಮೇಯೊ ಕ್ಲಿನಿಕ್ಕಿನ ಲಾರೆನ್ಸ್ ರಿಗ್ಸ್ ಫ್ಲೋರೈಡಿನಲ್ಲಿ ಭರವಸೆಯಿಟ್ಟವರು. 1982ರಲ್ಲಿ ಅವರ ತಂಡ ಅದರ ಪರವಾಗಿಯೇ ಬರೆದಿತ್ತು. ಆದರೆ ಅಲ್ಲಿಗೆ ನಿಲ್ಲದೆ, ಮೂಳೆ ಸವೆದ 202 ಮಹಿಳೆಯರನ್ನು ಚೀಟಿಯೆತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ ನಾಲ್ಕು ವರ್ಷ ನೋಡಿದರು. ಎರಡೂ ಗುಂಪಿಗೆ ಕ್ಯಾಲ್ಸಿಯಂ. ಒಂದಕ್ಕೆ ಅದರೊಡನೆ ದಿನಕ್ಕೆ 75 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್, ಮತ್ತೊಂದಕ್ಕೆ ಹುಸಿಮಾತ್ರೆ. 75 ಮಿಲಿಗ್ರಾಮಿನಲ್ಲಿ ಫ್ಲೋರೈಡ್ ಪಾಲು ಸುಮಾರು 34. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ, ಆ ಮಿತಿಯ ನೀರನ್ನು ದಿನಕ್ಕೆ 22 ಲೀಟರಿಗಿಂತ ಹೆಚ್ಚು ಕುಡಿದರೆ ಅಷ್ಟಾಗುತ್ತದೆ.

ಫಲಿತಾಂಶ ಬಂದದ್ದು 1990ರಲ್ಲಿ. ಫ್ಲೋರೈಡ್ ಪಡೆದವರಲ್ಲಿ ಬೆನ್ನುಮೂಳೆಯ ಸಾಂದ್ರತೆ ಶೇಕಡ 35ರಷ್ಟು ಏರಿತ್ತು. ಬೇರಾವ ಔಷಧಿಯೂ ಅಷ್ಟು ಏರಿಸಿರಲಿಲ್ಲ. ಮುಂಗೈಯ ಮೂಳೆಯ ಸಾಂದ್ರತೆ ಶೇಕಡ 4ರಷ್ಟು ಇಳಿದಿತ್ತು. ಇನ್ನು ಮುರಿತಗಳ ಎಣಿಕೆ: ಬೆನ್ನುಮೂಳೆಯಲ್ಲಿ ಫ್ಲೋರೈಡ್ ಗುಂಪಿಗೆ 163, ಹುಸಿಮಾತ್ರೆಯವರಿಗೆ 136, ಅಂದರೆ ಲಾಭವೇನೂ ಇಲ್ಲ. ಬೆನ್ನುಮೂಳೆಯನ್ನು ಬಿಟ್ಟು ಉಳಿದ ಕಡೆ 72 ಮತ್ತು 24. ಮೂಳೆ ಗಟ್ಟಿಯಾಗಲೆಂದು ಮಾತ್ರೆ ನುಂಗಿದ ಹೆಂಗಸರ ಕೈಕಾಲು ಮೂರು ಪಟ್ಟು ಹೆಚ್ಚು ಮುರಿದಿತ್ತು. ತಾವೇ ನೆಚ್ಚಿದ್ದ ಔಷಧಿಯ ಮೇಲೆ ಇಂಥ ತೀರ್ಪನ್ನು ಮುಚ್ಚುಮರೆಯಿಲ್ಲದೆ ಬರೆದ ರಿಗ್ಸ್ ಅವರ ಬಗ್ಗೆ ನನಗೆ ಗೌರವವಿದೆ. ಬೆನ್ನು ದಟ್ಟ, ಕೈಕಾಲು ಬಡವು ಎಂಬ ಆ ಚಿತ್ರವನ್ನು ಹೈದರಾಬಾದು ಹದಿನೇಳು ವರ್ಷ ಮುಂಚೆ ಕಂಡಿತ್ತು ಎಂಬುದೂ ಅಷ್ಟೇ ನಿಜ.

ಇದಾದ ಮೇಲೆ ಸಾಂದ್ರತೆಯ ಅಂಕವೊಂದನ್ನೇ ನಂಬುವ ಕಾಲ ಮುಗಿಯುತ್ತ ಬಂತು. ಔಷಧಿಯನ್ನು ಮುರಿತಗಳ ಲೆಕ್ಕದಿಂದ ಅಳೆಯುವುದು ರೂಢಿಯಾಯಿತು. ಅಲೆಂಡ್ರೊನೇಟ್ 1996ರಲ್ಲಿ ಆ ಪರೀಕ್ಷೆಯಲ್ಲಿ ಗೆದ್ದಿತು: ಬೆನ್ನುಮೂಳೆ ಮೊದಲೇ ಮುರಿದಿದ್ದ ಎರಡು ಸಾವಿರ ಚಿಲ್ಲರೆ ಹೆಂಗಸರಲ್ಲಿ ತೊಡೆಮೂಳೆಯ ಮುರಿತವನ್ನು ಅರ್ಧಕ್ಕೆ ತಂದಿತು. ಈಗಲೂ ವಾರಕ್ಕೊಂದು ಮಾತ್ರೆಯಾಗಿ ಬರೆದುಕೊಡುವುದು ಅದನ್ನೇ. ಉಳಿದ ಉಪಾಯಗಳಿಗೆ ಇಷ್ಟು ನಾಟಕೀಯ ಚರಿತ್ರೆಯಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಊರು ಬಿಟ್ಟ ನಾವು ಮೊದಲು ಬಿಟ್ಟದ್ದು ರಾಗಿಯನ್ನೇ. ಬಿಸಿಲಿನ ನಾಡಿನಲ್ಲೂ ಡಿ ಜೀವಸತ್ವ ಸಾಲದೆಂಬುದನ್ನು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯವರು 2000ದಲ್ಲಿ, ಆ ನಗರದ ಆರೋಗ್ಯವಂತರಲ್ಲೇ ಅಳೆದು ತೋರಿಸಿದ್ದಾರೆ. ನಡಿಗೆ, ಭಾರ ಎತ್ತುವ ಹದವಾದ ವ್ಯಾಯಾಮ, ಬೀಳದಂತೆ ನೋಡಿಕೊಳ್ಳುವುದು, ಇವುಗಳ ಮೇಲೆ ಯಾರೂ ಕಾದಂಬರಿ ಬರೆಯಲಾರರು.

ಅಮ್ಮನ ವರದಿಗೆ ಹಿಂತಿರುಗುತ್ತೇನೆ. ವೈದ್ಯರು ನಲ್ಗೊಂಡದ ಕಡೆಯವರು. ವರದಿಯನ್ನು ಒಮ್ಮೆ ನೋಡಿ, ಅಮ್ಮನಿಗೆ ಹಲ್ಲು ತೋರಿಸಲು ಹೇಳಿದರು. ಆ ಹಲ್ಲುಗಳ ಕಂದು ಗೆರೆಗಳನ್ನು ನಾವು ಮಕ್ಕಳೆಲ್ಲ ಎಲೆಯಡಿಕೆಯ ಕಲೆಯೆಂದೇ ತಿಳಿದಿದ್ದೆವು. “ನೀವು ಹುಟ್ಟಿ ಬೆಳೆದದ್ದು ಎಲ್ಲಿ, ತಾಯಿ?” ಎಂದು ತೆಲುಗಿನಲ್ಲಿ ಕೇಳಿದರು. ಪಾವಗಡದ ಸೀಮೆಯವರಿಗೆ ತೆಲುಗೇನೂ ಹೊಸದಲ್ಲ. “ಪಾವಗಡದ ಹತ್ತಿರದ ಹಳ್ಳಿ. ಮೊದಲು ಬಾವಿ ನೀರು, ಬಾವಿ ಬತ್ತಿದ ಮೇಲೆ ಬೋರಿನ ನೀರು” ಎಂದು ಅಮ್ಮ ಉತ್ತರಿಸಿದರು. ಬೆನ್ನಿನ ಅಂಕ ಏರಿರುವುದು ಆ ನೀರಿನಿಂದಲೂ ಇರಬಹುದು, ವಯಸ್ಸಿಗೆ ಬೆಳೆಯುವ ಮೂಳೆಮುಳ್ಳುಗಳಿಂದಲೂ ಇರಬಹುದು, ಹೇಗಿದ್ದರೂ ಅದನ್ನು ನಂಬುವಂತಿಲ್ಲವೆಂದು ವೈದ್ಯರು ಆ ಸಾಲಿನ ಮೇಲೆ ಪೆನ್ನಿನಿಂದ ಅಡ್ಡಗೆರೆ ಎಳೆದರು. ತೊಡೆಮೂಳೆಯ ಅಂಕಕ್ಕೆ ಚಿಕಿತ್ಸೆ ಬರೆದುಕೊಟ್ಟರು.

ಬಚ್ಚಲಿನ ಹೊಸ್ತಿಲನ್ನು ಒಡೆಸಿ ನೆಲ ಸಮ ಮಾಡಿಸಿದ್ದೇವೆ, ಗೋಡೆಗೆ ಹಿಡಿಕೆ ಹಾಕಿಸಿದ್ದೇವೆ. ಪಾವಗಡದಲ್ಲೇ ಉಳಿದಿರುವ ಚಿಕ್ಕಮ್ಮನ ಹಲ್ಲಿಗೂ ಅದೇ ಬಣ್ಣ. ಹೋದ ತಿಂಗಳು ಫೋನಿನಲ್ಲಿ ಕೇಳಿದಾಗ, ಬೆನ್ನಿನ ಪರೀಕ್ಷೆ ಮಾಡಿಸಿದ್ದೇನೆ, ಮೂಳೆ ಕಬ್ಬಿಣದ ಹಾಗಿದೆಯಂತೆ ಎಂದು ಅವರು ಹೆಮ್ಮೆಯಿಂದ ಹೇಳಿದರು. ತೊಡೆಮೂಳೆಯದನ್ನು ಯಾರೂ ನೋಡಿಲ್ಲ.