ದರ್ಪಣದಿಂದ ಕೆಂಪು ಗೆರೆಯವರೆಗೆ

ಕನ್ನಡದಲ್ಲಿ ಬರಹ ತಿದ್ದುವ ಪರಂಪರೆ ಪ್ರಾಚೀನವಾದುದು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕಾವ್ಯದೋಷಗಳನ್ನು ವಿವೇಚಿಸಿತು. ಸುಮಾರು 1260ರಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನೂ 1604ರಲ್ಲಿ ಭಟ್ಟಾಕಳಂಕನು ‘ಕರ್ಣಾಟಕ ಶಬ್ದಾನುಶಾಸನ’ವನ್ನೂ ರಚಿಸಿದರು. ಅಚ್ಚುಕೂಟಗಳ ಕಾಲದಲ್ಲಿ ಈ ಹೊಣೆ ಕರಡು ತಿದ್ದುವವರ ಹೆಗಲೇರಿತು.

1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ‘ಬರಹ’, ‘ನುಡಿ’ ತಂತ್ರಾಂಶಗಳು ಕನ್ನಡ ಬೆರಳಚ್ಚನ್ನು ಮನೆಮನೆಗೆ ತಂದವು. ಕಾಗುಣಿತ ಪರೀಕ್ಷೆಗೆ ಒದಗಿದ ಮುಕ್ತ ತಂತ್ರಾಂಶ ‘ಹನ್‌ಸ್ಪೆಲ್’ ಮೂಲತಃ ಹಂಗೇರಿಯನ್ ಭಾಷೆಗಾಗಿ ಹುಟ್ಟಿದುದು. ಆ ಭಾಷೆಯೂ ಕನ್ನಡದಂತೆ ಪ್ರತ್ಯಯಗಳನ್ನು ಪೋಣಿಸಿಕೊಳ್ಳುತ್ತದೆ. ‘ಮಗ್ಗ’ವೆಂಬ ಒಂದೇ ಪದ ಮಗ್ಗದಲ್ಲಿ, ಮಗ್ಗಗಳಿಂದಲೂ ಎಂದು ಬೆಳೆಯುವುದರಿಂದ ಪದಪಟ್ಟಿಯೊಂದೇ ಸಾಲದು, ಪ್ರತ್ಯಯ ನಿಯಮಗಳೂ ಬೇಕು.

ಆದರೂ ‘ಹಾಳು’ ಇರಬೇಕಾದಲ್ಲಿ ‘ಹಾಲು’ ಎಂದಿದ್ದರೆ ಕಾಗುಣಿತ ಪರೀಕ್ಷಕ ಸುಮ್ಮನಿರುತ್ತದೆ, ಏಕೆಂದರೆ ಎರಡೂ ಪದಗಳು ಸರಿಯೇ. ಪಟ್ಟಿಯಲ್ಲಿಲ್ಲದ ಗಡಿನಾಡಿನ ಮಾತಿಗೆ ಮಾತ್ರ ಕೆಂಪು ಗೆರೆ ಎಳೆಯುತ್ತದೆ. ಆದುದರಿಂದ ಬರಹವನ್ನೇ ವೃತ್ತಿಯಾಗಿಸಿಕೊಂಡವರು ಅದನ್ನು ಮೊದಲ ಜರಡಿಯಾಗಿ ಬಳಸಿ, ಕೊನೆಯ ತೀರ್ಪನ್ನು ತಾವೇ ಕೊಡುವುದು ಯುಕ್ತ.

ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡವೆಂದ ಕವಿರಾಜಮಾರ್ಗಕಾರನು, ಅದರೊಳಗಿನ ದೇಸಿಭೇದಗಳು ಎಣಿಕೆಗೆ ಸಿಗವೆಂದೂ ಒಪ್ಪಿದ್ದನು. ಪಂಚಗಂಗೆಯ ದಡದ ಇಚಲಕರಂಜಿಯೂ ಆ ಎಲ್ಲೆಯೊಳಗಿನದೇ. ಇಲ್ಲಿನ ಮಗ್ಗದ ಮನೆಗಳ ಕನ್ನಡ ಪದಗಳನ್ನು ನಾವು ಬರೆದಿಡದಿದ್ದರೆ, ಯಂತ್ರದ ಕಣ್ಣಿಗೆ ಅವು ಎಂದಿಗೂ ತಪ್ಪುಗಳೇ.