ಅಡುಗೆ ಮನೆಯ ಹಸಿ ಕಸ: ಕಳಿತ ಮೇಲಷ್ಟೇ ಗಿಡಕ್ಕೆ ಗೊಬ್ಬರ

ತಾರಸಿಯಲ್ಲಿ ನಾಲ್ಕು ಕುಂಡಗಳನ್ನಿಟ್ಟು ಟೊಮೆಟೊ, ಮೆಣಸಿನಕಾಯಿ, ಬದನೆ ಬೆಳೆಯುವ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪೊಂದಿದೆ. ತರಕಾರಿ ಸಿಪ್ಪೆ, ಕಾಫಿ ಗಸಿ, ಮಿಕ್ಕ ಅನ್ನ ಎಲ್ಲವನ್ನೂ ನೇರವಾಗಿ ಗಿಡದ ಬುಡಕ್ಕೆ ಸುರಿಯಲಾಗುತ್ತದೆ. ಕೆಲವೇ ದಿನಗಳಲ್ಲಿ ಕುಂಡಕ್ಕೆ ನೊಣ ಮುತ್ತುತ್ತವೆ, ಇರುವೆ ಸಾಲುಗಟ್ಟುತ್ತವೆ, ಎಲೆ ಹಳದಿಗೆ ತಿರುಗುತ್ತದೆ. ಗೊಬ್ಬರ ಹಾಕಿಯೂ ಗಿಡ ಸೊರಗಿದ್ದೇಕೆ ಎಂಬ ಪ್ರಶ್ನೆ ಆಗ ಏಳುತ್ತದೆ.

ಸಿಪ್ಪೆಯಲ್ಲಿರುವ ಪೋಷಕಾಂಶಗಳ ಬಹುಪಾಲನ್ನು ಬೇರು ಇದ್ದ ರೂಪದಲ್ಲೇ ಹೀರಲಾರದು. ಸೂಕ್ಷ್ಮಾಣು ಜೀವಿಗಳು ಅದನ್ನು ಕೊಳೆಸಿ ಬಿಡಿಸಿಕೊಡಬೇಕು. ಈ ಕ್ರಿಯೆಗೆ ಆಮ್ಲಜನಕ ಬೇಕಾಗುವುದರಿಂದ, ಕುಂಡದ ಇಕ್ಕಟ್ಟಿನಲ್ಲಿ ಹಸಿ ಕಸ ದಟ್ಟವಾಗಿ ಕೊಳೆತರೆ ಬೇರಿಗೆ ಉಸಿರು ಕಟ್ಟುತ್ತದೆ. ಹಳ್ಳಿಗಳಲ್ಲಿ ಕಸವನ್ನು ತಿಪ್ಪೆಗೆ ಹಾಕಿ, ತಿಂಗಳುಗಟ್ಟಲೆ ಕಳಿಯಲು ಬಿಟ್ಟು ನಂತರವಷ್ಟೇ ಹೊಲಕ್ಕೆ ಸಾಗಿಸುತ್ತಿದ್ದುದು ಇದೇ ಕಾರಣಕ್ಕೆ.

ಬಕೆಟ್ಟಿನಲ್ಲೇ ತಿಪ್ಪೆ

ಮುಚ್ಚಳವಿರುವ ಬಕೆಟ್ ಅಥವಾ ಮಡಕೆಯ ತಳ ಹಾಗೂ ಬದಿಗಳಿಗೆ ರಂಧ್ರ ಕೊರೆದರೆ ಮನೆಯ ತಿಪ್ಪೆ ಸಿದ್ಧ. ಸಣ್ಣಗೆ ಹೆಚ್ಚಿದ ಹಸಿ ಕಸದ ಪ್ರತಿ ಪದರದ ಮೇಲೂ ಕನಿಷ್ಠ ಅಷ್ಟೇ ಗಾತ್ರದ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿಯನ್ನು ಹರಡಬೇಕು. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲವಿದ್ದಾಗ ಕಸ ಚೆನ್ನಾಗಿ ಕಳಿಯುತ್ತದೆ. ಆ ಇಂಗಾಲ ಹೆಚ್ಚಾಗಿ ಒದಗುವುದು ಒಣ ಎಲೆಯಿಂದ. ಹಳೆಯ ಗೊಬ್ಬರ ಅಥವಾ ತೋಟದ ಮಣ್ಣನ್ನು ಒಂದು ಹಿಡಿ ಸೇರಿಸಿದರೆ ಸೂಕ್ಷ್ಮಾಣುಗಳು ದೊರೆಯುತ್ತವೆ.

ವಾರಕ್ಕೊಮ್ಮೆ ತಿರುವಿ ಹಾಕಬೇಕು. ಮುಷ್ಟಿಯಲ್ಲಿ ಹಿಂಡಿದಾಗ ಒಂದೆರಡು ಹನಿ ನೀರು ಬಂದರೆ ತೇವ ಸರಿಯಾಗಿದೆ ಎಂದರ್ಥ. ದುರ್ವಾಸನೆ ಬಂದರೆ ಒಣ ಎಲೆ ಹೆಚ್ಚಿಸುವುದೇ ಮದ್ದು. ಎರಡು ಮೂರು ತಿಂಗಳಲ್ಲಿ ಕಸವು ಕಪ್ಪಗೆ ಪುಡಿಪುಡಿಯಾಗಿ ಮೊದಲ ಮಳೆಯ ಮಣ್ಣಿನಂತೆ ಘಮಿಸುತ್ತದೆ. ದೊಡ್ಡ ರಾಶಿಯಲ್ಲಿ 55 ಡಿಗ್ರಿ ಸೆಲ್ಸಿಯಸ್‌ ಮೀರುವ ಶಾಖವು ಬಕೆಟ್ಟಿನಲ್ಲಿ ಹುಟ್ಟುವುದು ವಿರಳ. ಹೀಗಾಗಿ ಟೊಮೆಟೊ, ಕುಂಬಳದ ಬೀಜಗಳು ಸಾಯದೆ, ಕರೆಯದೇ ಬಂದ ಅತಿಥಿಗಳಂತೆ ಕುಂಡದಲ್ಲಿ ಮೊಳೆಯುವುದುಂಟು!

ಕಸದ ಗಾಡಿಗೆ ಕೊಟ್ಟರಾಯಿತು, ಇಷ್ಟು ಶ್ರಮವೇಕೆ ಎನ್ನುವವರು ಮಾವಳ್ಳಿಪುರ ಹಾಗೂ ಮಂಡೂರನ್ನು ನೆನೆಯಬೇಕು. ಬೆಂಗಳೂರಿನ ಕಸವನ್ನು ತಮ್ಮೂರಿಗೆ ತಂದು ಸುರಿಯುವುದನ್ನು ಅಲ್ಲಿನ ಗ್ರಾಮಸ್ಥರು ವಿರೋಧಿಸಿದಾಗ, 2012ರಲ್ಲಿ ರಾಜಧಾನಿಯ ಬೀದಿಗಳಲ್ಲಿ ಕಸ ರಾಶಿ ಬಿದ್ದಿತ್ತು.

ಮೊಟ್ಟೆ ಚಿಪ್ಪು, ಬಾಳೆ ಸಿಪ್ಪೆ

ಕೆಲವು ನಂಬಿಕೆಗಳನ್ನು ತಿದ್ದಿಕೊಳ್ಳುವುದು ಒಳಿತು. ಮೊಟ್ಟೆ ಚಿಪ್ಪಿನ ಸುಮಾರು ಶೇ. 95 ಭಾಗ ಕ್ಯಾಲ್ಸಿಯಂ ಕಾರ್ಬೋನೇಟ್. ಅದು ಮಣ್ಣಿನಲ್ಲಿ ಬಲು ನಿಧಾನವಾಗಿ ಕರಗುವುದರಿಂದ ಹಿಟ್ಟಿನಂತೆ ಪುಡಿ ಮಾಡದಿದ್ದರೆ ಪ್ರಯೋಜನ ಅಲ್ಪ. ಟೊಮೆಟೊ ಕಾಯಿಯ ತುದಿ ಕಪ್ಪಾಗುವುದು ಕ್ಯಾಲ್ಸಿಯಂ ಕೊರತೆಯಿಂದ ನಿಜ. ಆದರೆ ಅದರ ಹಿಂದೆ ಹೆಚ್ಚಾಗಿ ಇರುವುದು ಒಂದು ದಿನ ನೀರು, ಮೂರು ದಿನ ಬರಗಾಲ ಎಂಬ ಅಭ್ಯಾಸ. ಬಾಳೆ ಸಿಪ್ಪೆಯಲ್ಲಿ ಪೊಟ್ಯಾಷ್ ಹೇರಳವಾಗಿದೆ, ಸಾರಜನಕ ಕಡಿಮೆ. ಅದನ್ನು ನೆನೆಸಿದ ನೀರೊಂದೇ ಗಿಡವನ್ನು ಸಾಕಲಾರದು. ಕಾಫಿ ಗಸಿಯಲ್ಲಿ ಶೇ. 2ರಷ್ಟು ಸಾರಜನಕವಿದ್ದರೂ, ದಪ್ಪಗೆ ಹರಡಿದರೆ ಹೆಪ್ಪುಗಟ್ಟಿ ನೀರು ಇಳಿಯದಂತೆ ತಡೆಯುತ್ತದೆ. ಇವೆಲ್ಲಕ್ಕೂ ಬಕೆಟ್ಟೇ ಸರಿಯಾದ ಜಾಗ. ಹಿಂದೆ ಹಸುವಿನ ಪಾಲಾಗುತ್ತಿದ್ದ ಅಕ್ಕಿ ತೊಳೆದ ನೀರನ್ನು ಮಾತ್ರ ಹುಳಿಯುವ ಮುನ್ನ ನೇರವಾಗಿ ಗಿಡಕ್ಕೆ ಎರೆಯಬಹುದು. ಉಪ್ಪಿನಕಾಯಿ, ಸಾಂಬಾರು, ಎಣ್ಣೆ ತಿಂಡಿ, ಮಾಂಸದ ಚೂರು ಬೇಡವೇ ಬೇಡ. ಉಪ್ಪು ಬೇರಿಗೆ ಹಾನಿಕರ, ಮಾಂಸ ಇಲಿಗಳಿಗೆ ಆಹ್ವಾನ.

ಹೊಸ ಕುಂಡ ತುಂಬಿಸುವಾಗ ಮಣ್ಣಿನೊಡನೆ ನಾಲ್ಕನೇ ಒಂದು ಭಾಗ ಈ ಗೊಬ್ಬರ ಬೆರೆಸಿದರೆ ಸಾಕು. ಬಳಿಕ ತಿಂಗಳಿಗೊಮ್ಮೆ ಒಂದೆರಡು ಹಿಡಿಯನ್ನು ಕಾಂಡಕ್ಕೆ ತಾಗದಂತೆ ಮೇಲ್ಮಣ್ಣಿನಲ್ಲಿ ಕೆದಕಿ ಸೇರಿಸಿ ನೀರೆರೆಯಬೇಕು. ಸೊಪ್ಪುಗಳಿಗೆ ಸಾಮಾನ್ಯವಾಗಿ ಇಷ್ಟು ಸಾಲುತ್ತದೆ. ಹೂ ಬಿಡುವ ಹೊತ್ತಿನ ಟೊಮೆಟೊ, ಬದನೆಗೆ ಇದರ ಜೊತೆ ಸ್ವಲ್ಪ ಬೇವಿನ ಹಿಂಡಿಯನ್ನೂ ಕೊಡುವುದು ಮೇಲು.