ಶಸ್ತ್ರಚಿಕಿತ್ಸೆಯ ಸರದಿಯೂ ಹಂಚಿಕೆಯ ದಾಖಲೆಯೂ: ಧಾರವಾಡ ಸೀಮೆಯಿಂದ ಒಂದು ಸಮೀಕ್ಷೆ

ರೋಗಿಯ ಡಿಜಿಟಲ್ ದಾಖಲೆಯನ್ನು ಕುರಿತು ಈಚಿನ ವರ್ಷಗಳಲ್ಲಿ ಬಂದಿರುವ ಬಹುಪಾಲು ಬರಹಗಳು, ಎಷ್ಟು ಮಂದಿಗೆ ಆರೋಗ್ಯ ಗುರುತಿನ ಸಂಖ್ಯೆ ದೊರೆತಿದೆ, ಎಷ್ಟು ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಕ್ಯೂಆರ್ ಕೋಡ್ ಅಂಟಿಸಲಾಗಿದೆ ಎಂಬ ಲೆಕ್ಕದಲ್ಲಿಯೇ ತೃಪ್ತಿ ಕಂಡುಕೊಂಡಿವೆ. ಚೀಟಿ ಮಾಡಿಸುವ ಕಿಟಕಿಯ ಮುಂದಿನ ಸಾಲು ಮೊಟಕಾದರೆ ಶಸ್ತ್ರಚಿಕಿತ್ಸೆಯ ಸರದಿಯೂ ತಾನಾಗಿಯೇ ಮೊಟಕಾಗುತ್ತದೆ ಎಂಬ ಊಹೆ ಈ ಬರಹಗಳ ಹಿಂದಿದೆ. ಇವೆರಡೂ ಬೇರೆ ಬೇರೆ ಕಾರಣಗಳಿಂದ ಹುಟ್ಟುವ ಕಾಯುವಿಕೆಗಳಾದ್ದರಿಂದ ಒಂದರ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ. ಹಂಚಿಕೆಯ ಡಿಜಿಟಲ್ ದಾಖಲೆ ಎಂದರೆ, ಒಂದು ಆಸ್ಪತ್ರೆಯಲ್ಲಿ ಬರೆದ ರೋಗವಿವರ, ಪರೀಕ್ಷೆಗಳ ಫಲಿತಾಂಶ, ಔಷಧಿಗಳ ಪಟ್ಟಿ ಮತ್ತು ಡಿಸ್ಚಾರ್ಜ್ ಸಾರಾಂಶವನ್ನು, ರೋಗಿಯ ಒಪ್ಪಿಗೆಯ ಮೇರೆಗೆ, ಇನ್ನೊಂದು ಆಸ್ಪತ್ರೆಯ ವೈದ್ಯರು ಓದಿ, ಅದನ್ನು ನಂಬಿ, ಅದರ ಆಧಾರದ ಮೇಲೆ ಮುಂದಿನ ತೀರ್ಮಾನ ಕೈಗೊಳ್ಳಬಲ್ಲ ವ್ಯವಸ್ಥೆ. ಗುರುತಿನ ಸಂಖ್ಯೆಯು ಅದಕ್ಕೆ ಬಾಗಿಲು ಮಾತ್ರ.

ಧಾರವಾಡದ ರೈಲು ನಿಲ್ದಾಣದ ಮಗ್ಗುಲಿನ ಮಾಳಮಡ್ಡಿಯಲ್ಲಿ ವಾಸಿಸುವ ಒಬ್ಬ ರೋಗಿಗೆ ಆಸ್ಪತ್ರೆಗಳ ಕೊರತೆ ಇದೆಯೆಂದು ಹೇಳಲಾಗದು. ಊರೊಳಗೆ ಜಿಲ್ಲಾ ಆಸ್ಪತ್ರೆ ಇದೆ, ಪಿ. ಬಿ. ರಸ್ತೆಯಲ್ಲಿ ಚಿಗರಿ ಬಸ್ಸು ಹತ್ತಿದರೆ ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜು, ಇನ್ನೂ ಮುಂದೆ ವಿದ್ಯಾನಗರದಲ್ಲಿ, ಹಿರಿಯರು ಇಂದಿಗೂ ಕೆಎಂಸಿ ಎಂದೇ ಕರೆಯುವ, ಈಚಿನವರೆಗೆ ಕಿಮ್ಸ್ ಎಂಬ ಹೆಸರಿದ್ದ ಸರ್ಕಾರಿ ಆಸ್ಪತ್ರೆ. ಕುಟುಂಬದಲ್ಲಿ ರೈಲ್ವೆ ನೌಕರರಿದ್ದರೆ ಹುಬ್ಬಳ್ಳಿಯ ರೈಲ್ವೆ ಆಸ್ಪತ್ರೆಯೂ ಸಿಗುತ್ತದೆ. ಸುಮಾರು ಇಪ್ಪತ್ತು ಕಿಲೋಮೀಟರಿನ ಈ ಅಂತರದಲ್ಲಿ ಅದೇ ರೋಗಿಗೆ ನಾಲ್ಕು ನೋಂದಣಿ ಸಂಖ್ಯೆಗಳು, ನಾಲ್ಕು ಕೇಸ್ ಪೇಪರುಗಳು ಹುಟ್ಟಿಕೊಳ್ಳಬಹುದು. ಅವುಗಳ ನಡುವಿನ ಏಕೈಕ ಕೊಂಡಿ ಮನೆಯವರು ಕೈಯಲ್ಲಿ ಹಿಡಿದು ತಿರುಗುವ, ಎಕ್ಸ್‌ರೇ ಫಿಲ್ಮು ತುಂಬಿದ ಪ್ಲಾಸ್ಟಿಕ್ ಚೀಲ.

ಈ ಚೀಲದಲ್ಲಿ ಒಂದು ಕಾಗದ ಇಲ್ಲವಾದರೆ ಏನಾಗುತ್ತದೆ ಎಂಬುದನ್ನು ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ದುಡಿದವರೆಲ್ಲ ಬಲ್ಲರು. ಹರ್ನಿಯಾ ಶಸ್ತ್ರಚಿಕಿತ್ಸೆಗೆಂದು ದಾಖಲಾದ ಅರವತ್ತರ ಆಚೆಯ ವ್ಯಕ್ತಿಯೊಬ್ಬನಿಗೆ ಹಿಂದೊಮ್ಮೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಲಾಗಿದೆ ಎಂದಿಟ್ಟುಕೊಂಡರೆ, ಅರಿವಳಿಕೆ ತಜ್ಞರಿಗೆ ಆ ಸ್ಟೆಂಟ್ ಯಾವ ಬಗೆಯದು, ಯಾವ ತಿಂಗಳಲ್ಲಿ ಹಾಕಿದ್ದು, ರಕ್ತ ತೆಳುವಾಗಿಸುವ ಯಾವ ಮಾತ್ರೆ ನಡೆಯುತ್ತಿದೆ ಎಂಬುದು ತಿಳಿಯಲೇಬೇಕು. ಔಷಧಲೇಪಿತ ಸ್ಟೆಂಟ್ ಹಾಕಿದ ಮೇಲೆ ತುರ್ತಲ್ಲದ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದೂಡುವುದು ರೂಢಿ. ಆ ಮಾತ್ರೆಗಳಲ್ಲಿ ಕೆಲವನ್ನು ಶಸ್ತ್ರಚಿಕಿತ್ಸೆಗೆ ಐದರಿಂದ ಏಳು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ, ಅದೂ ಹೃದ್ರೋಗ ತಜ್ಞರ ಸಮ್ಮತಿಯ ನಂತರ. ಹಳೆಯ ಡಿಸ್ಚಾರ್ಜ್ ಕಾರ್ಡು ಸಿಗದಿದ್ದಲ್ಲಿ ರೋಗಿಯನ್ನು ಹೃದ್ರೋಗ ವಿಭಾಗಕ್ಕೆ ಕಳುಹಿಸಲಾಗುತ್ತದೆ, ಎಕೋ ಪರೀಕ್ಷೆಗೆ ಬೇರೆ ದಿನಾಂಕ ದೊರೆಯುತ್ತದೆ, ಅಷ್ಟರಲ್ಲಿ ಮೊದಲು ಮಾಡಿಸಿದ ರಕ್ತಪರೀಕ್ಷೆಯ ಅವಧಿ ಮೀರುತ್ತದೆ, ಓಟಿ ಲಿಸ್ಟಿನಲ್ಲಿ ಅವನ ಹೆಸರಿನ ಮೇಲೆ ಗೀಟು ಬೀಳುತ್ತದೆ. ಆ ಬೆಳಿಗ್ಗೆ ಖಾಲಿಯಾದ ಮೇಜಿಗೆ ಇನ್ನೊಬ್ಬ ಸಿದ್ಧ ರೋಗಿಯನ್ನು ಕರೆತರಲು ಸಮಯವಿರುವುದಿಲ್ಲವಾದ್ದರಿಂದ ನಷ್ಟ ಇಬ್ಬರಿಗೂ ಆಗುತ್ತದೆ. ಶಸ್ತ್ರಚಿಕಿತ್ಸಕರ, ಅರಿವಳಿಕೆ ತಜ್ಞರ, ಹಾಸಿಗೆಗಳ ಕೊರತೆಯಿಂದ ಆಗುವ ವಿಳಂಬವನ್ನು ಯಾವ ದಾಖಲೆಯೂ ನೀಗಿಸಲಾರದು. ಮಾಹಿತಿಯ ಅಭಾವದಿಂದ ಹುಟ್ಟುವ ಈ ಎರಡನೆಯ ಬಗೆಯ ವಿಳಂಬವನ್ನು ಮಾತ್ರ ಅದು ನೀಗಿಸಬಲ್ಲದು, ಮತ್ತು ಅದೇನೂ ಸಣ್ಣ ಪಾಲಲ್ಲ.

ಈ ಕ್ಷೇತ್ರದ ಆರಂಭದ ಘಟ್ಟಗಳನ್ನು ಚುರುಕಾಗಿ ದಾಟಬಹುದು. ಅಮೆರಿಕದ ವೈದ್ಯ ಲಾರೆನ್ಸ್ ವೀಡ್ 1968ರಲ್ಲಿ ರೋಗಿಯ ಸಮಸ್ಯೆಗಳನ್ನೇ ಕೇಂದ್ರವಾಗಿಟ್ಟು ದಾಖಲೆ ಬರೆಯುವ ಕ್ರಮವನ್ನು ಮಂಡಿಸಿದ್ದು ಆಧುನಿಕ ವೈದ್ಯಕೀಯ ದಾಖಲೆಗೆ ಬುನಾದಿಯಾಯಿತು. ಆಸ್ಪತ್ರೆಯ ಗಣಕಗಳು ಪರಸ್ಪರ ಸಂದೇಶ ಕಳುಹಿಸಲು ಬೇಕಾದ ಎಚ್ಎಲ್7 ಎಂಬ ಮಾನದಂಡ 1987ರಲ್ಲಿಯೂ, ಎಕ್ಸ್‌ರೇ ಮತ್ತು ಸ್ಕ್ಯಾನ್ ಚಿತ್ರಗಳ ವಿನಿಮಯಕ್ಕಾಗಿ ಡೈಕಾಮ್ ಎಂಬ ಮಾನದಂಡ 1993ರಲ್ಲಿಯೂ ರೂಪುಗೊಂಡವು. ಇತ್ತ 1957ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಕರ್ನಾಟಕ ವೈದ್ಯಕೀಯ ಕಾಲೇಜು 1996ರಲ್ಲಿ ಕಿಮ್ಸ್ ಎಂಬ ಸ್ವಾಯತ್ತ ಸಂಸ್ಥೆಯಾದರೂ, ಈ ಭಾಗದ ಬೇರಾವ ಸರ್ಕಾರಿ ಆಸ್ಪತ್ರೆಯಂತೆಯೇ ಅಲ್ಲಿಯೂ ದಾಖಲೆ ಎಂದರೆ ಬಟ್ಟೆಯ ಗಂಟಿನಲ್ಲಿ ಕಟ್ಟಿಟ್ಟ ಕಾಗದವೇ ಆಗಿತ್ತು. ಡಾ. ಎಂ. ಸಿ. ಮೋದಿಯವರ ನೇತ್ರ ಶಿಬಿರಗಳು ಒಂದೇ ದಿನ ನೂರಾರು ಜನರ ಕಣ್ಣಿನ ಪೊರೆ ತೆಗೆದು ಸರದಿಯನ್ನೇ ಊರ ಬಾಗಿಲಲ್ಲಿ ಕರಗಿಸಿದ್ದು ನಿಜ; ಆದರೆ ಒಂದೇ ಬಗೆಯ, ಪೂರ್ವಸಿದ್ಧತೆ ಕಡಿಮೆಯಿರುವ ಶಸ್ತ್ರಚಿಕಿತ್ಸೆಗೆ ಹೊಂದುವ ಆ ಮಾದರಿ ಹೊಟ್ಟೆ, ಮೂಳೆ, ಹೃದಯದ ಶಸ್ತ್ರಚಿಕಿತ್ಸೆಗಳಿಗೆ ಹೊಂದುವಂಥದಲ್ಲ. ರೋಗಿ ಕೇಳಿದ 72 ಗಂಟೆಗಳೊಳಗೆ ದಾಖಲೆಯನ್ನು ಕೊಡಬೇಕು, ಒಳರೋಗಿಯ ದಾಖಲೆಯನ್ನು 3 ವರ್ಷ ಕಾಪಿಡಬೇಕು ಎಂದು ಭಾರತೀಯ ವೈದ್ಯಕೀಯ ಪರಿಷತ್ತು 2002ರ ನಿಯಮಾವಳಿಯಲ್ಲಿ ವಿಧಿಸಿತು. ಅದೇ ವರ್ಷ ಇಸ್ರೋ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯು ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಉಪಗ್ರಹದ ಮೂಲಕ ಜೋಡಣೆಗೊಂಡಿತು. ಆ ಜೋಡಣೆಯಲ್ಲಿ ವೈದ್ಯರ ಸಲಹೆ ಹರಿಯಿತೇ ಹೊರತು ದಾಖಲೆಯ ಹಂಚಿಕೆ ಬೆಳೆಯಲಿಲ್ಲ.

ಕರ್ನಾಟಕದ ಮಟ್ಟಿಗೆ ನಿಜವಾದ ತಿರುವು ಬಂದದ್ದು ವಿಮಾ ಯೋಜನೆಗಳಿಂದ. ಈ ಸಂಗತಿಯನ್ನು ತಂತ್ರಜ್ಞಾನದ ಇತಿಹಾಸಕಾರರು ಗಮನಿಸಿಯೇ ಇಲ್ಲವೆಂಬಷ್ಟು ಕಡೆಗಣಿಸಿದ್ದಾರೆ. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯನಾದ ರೈತನೊಬ್ಬ ಮೊದಲ ವರ್ಷ 60 ರೂಪಾಯಿ ವಂತಿಗೆ ತೆತ್ತು, ಜಾಲದಲ್ಲಿ ಸೇರಿದ ಯಾವುದೇ ಆಸ್ಪತ್ರೆಯಲ್ಲಿ ನಿಗದಿತ ಶಸ್ತ್ರಚಿಕಿತ್ಸೆಗಳನ್ನು ಮಾಡಿಸಿಕೊಳ್ಳಬಹುದಾಗಿತ್ತು. ಶಸ್ತ್ರಚಿಕಿತ್ಸೆಗೆ ಮೊದಲೇ ಅನುಮತಿ ಪಡೆಯಬೇಕಾದ್ದರಿಂದ, ರೋಗಿಯ ವಿವರ, ರೋಗನಿರ್ಣಯ, ಪರೀಕ್ಷೆಗಳ ವರದಿ ಇವೆಲ್ಲ ಆಸ್ಪತ್ರೆಯ ಗೋಡೆ ದಾಟಿ ಹೊರಗೊಬ್ಬರ ಕಣ್ಣಿಗೆ ಬೀಳುವ ರೂಪದಲ್ಲಿ ಸಿದ್ಧವಾಗಬೇಕಾಯಿತು. 2010ರಲ್ಲಿ ಉತ್ತರ ಕರ್ನಾಟಕದಿಂದಲೇ ಆರಂಭಗೊಂಡ ವಾಜಪೇಯಿ ಆರೋಗ್ಯಶ್ರೀ ಯೋಜನೆ ಇದನ್ನು ಇನ್ನಷ್ಟು ಗಟ್ಟಿಗೊಳಿಸಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಅಡಿಯಲ್ಲಿ ನಡೆದ ಈ ಯೋಜನೆಯಲ್ಲಿ, ಆರೋಗ್ಯಮಿತ್ರ ಎಂಬ ಸಿಬ್ಬಂದಿ ರೋಗಿಯ ಕಾಗದಗಳನ್ನು ಹೊಂದಿಸುವುದು, ಶಿಬಿರದಲ್ಲಿ ಗುರುತಿಸಿದ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸುವುದು, ಅನುಮತಿಗಾಗಿ ಕಡತವನ್ನು ಗಣಕದಲ್ಲಿ ಏರಿಸುವುದು ಎಲ್ಲವೂ ಒಂದೇ ಸರಪಳಿಯಾಗಿ ಕೆಲಸ ಮಾಡಿದವು. ಯೋಜನೆಗೆ ಒಳಪಟ್ಟ ಮತ್ತು ಒಳಪಡದ ಗಡಿಗ್ರಾಮಗಳನ್ನು ಹೋಲಿಸಿ ನೀರಜ್ ಸೂದ್ ಮತ್ತು ಸಹಸಂಶೋಧಕರು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನ, ಬಡ ಕುಟುಂಬಗಳಲ್ಲಿ ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದಾಗುವ ಸಾವು ಶೇ. 64ರಷ್ಟು ಕಡಿಮೆಯಿದ್ದುದನ್ನು ತೋರಿಸಿತು. ಈ ಫಲವನ್ನು ಹಣದ ನೆರವಿಗಷ್ಟೇ ಸಲ್ಲಿಸುವುದು ವಾಡಿಕೆ. ರೋಗಿಗಿಂತ ಮುಂದಾಗಿ ಅವನ ಕಡತ ಆಸ್ಪತ್ರೆ ತಲುಪುತ್ತಿದ್ದುದರ ಪಾತ್ರವನ್ನು ಯಾರೂ ಬೇರ್ಪಡಿಸಿ ಅಳೆದಿಲ್ಲ.

ಈ ಕಡತಕ್ಕೆ ಒಂದು ಹುಟ್ಟುಗುಣದ ಮಿತಿಯೂ ಇತ್ತು. ಅದು ಹಣ ಪಾವತಿಗಾಗಿ ಹುಟ್ಟಿದ ದಾಖಲೆಯಾದ್ದರಿಂದ, ಹಣ ಸಂದಾಯವಾದೊಡನೆ ಅದರ ಆಯುಸ್ಸು ಮುಗಿಯುತ್ತಿತ್ತು. ಮುಂದಿನ ವರ್ಷ ಅದೇ ರೋಗಿ ಬೇರೊಂದು ಕಾಯಿಲೆಗಾಗಿ ಬೇರೊಂದು ಆಸ್ಪತ್ರೆಗೆ ಬಂದರೆ, ಸರ್ವರಿನಲ್ಲಿ ಸುರಕ್ಷಿತವಾಗಿದ್ದ ಅವನ ಸ್ಟೆಂಟಿನ ವಿವರ ಅರಿವಳಿಕೆ ತಜ್ಞರಿಗೆ ಎಟುಕುತ್ತಿರಲಿಲ್ಲ. 2018ರಲ್ಲಿ ಆರೋಗ್ಯ ಕರ್ನಾಟಕ ಯೋಜನೆ ಬಂದು, ಅದೇ ವರ್ಷ ಆಯುಷ್ಮಾನ್ ಭಾರತದೊಂದಿಗೆ ಕೂಡಿಕೊಂಡು, ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯ ಭರವಸೆ ದೊರೆತಾಗ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅನೇಕ ಚಿಕಿತ್ಸೆಗಳಿಗೆ ಕಡ್ಡಾಯವಾಯಿತು. ಈ ಪತ್ರವು ರೋಗಿಯ ವೈದ್ಯಕೀಯ ಸಾರಾಂಶವನ್ನು ಹೊತ್ತು ಸಾಗುವ ವಾಹನವಾಗಬಹುದಾಗಿತ್ತು. ಬಹುಮಟ್ಟಿಗೆ ಅದು ಅನುಮತಿಯ ಮುದ್ರೆಯಾಗಿಯೇ ಉಳಿಯಿತು. ಈ ಅವಕಾಶ ಕೈತಪ್ಪಿದ್ದು ಈ ಕ್ಷೇತ್ರದ ದೊಡ್ಡ ನಷ್ಟವೆಂದೇ ಹೇಳಬೇಕು.

ಇಲ್ಲಿಯೇ ಎರಡು ಪಂಥಗಳ ನಡುವಿನ ವ್ಯತ್ಯಾಸವನ್ನು ಗುರುತಿಸುವುದು ಅಗತ್ಯ. ಇಡೀ ದೇಶಕ್ಕೆ ಒಂದೇ ಮಹಾದಾಖಲೆಯನ್ನು ಮೇಲಿನಿಂದ ಕಟ್ಟಬೇಕೆಂಬುದು ಒಂದು ಪಂಥ. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆ 2002ರಲ್ಲಿ ಇದೇ ಹಾದಿ ಹಿಡಿದು, ಶತಕೋಟಿಗಟ್ಟಲೆ ಪೌಂಡು ವೆಚ್ಚ ಮಾಡಿ, 2011ರಲ್ಲಿ ಆ ಕಾರ್ಯಕ್ರಮವನ್ನು ಬಿಚ್ಚಿಹಾಕಬೇಕಾಯಿತು. ವೈದ್ಯರು ದಿನವೂ ಬರೆಯುವ ಶಿಫಾರಸು ಪತ್ರ, ಪ್ರಯೋಗಾಲಯದ ವರದಿ, ಡಿಸ್ಚಾರ್ಜ್ ಸಾರಾಂಶ ಇವನ್ನು ಮಾತ್ರ ಮೊದಲು ಒಂದೇ ಮಾದರಿಯಲ್ಲಿ ಹರಿಯುವಂತೆ ಮಾಡಿ, ಉಳಿದದ್ದನ್ನು ನಿಧಾನವಾಗಿ ಕಟ್ಟಬೇಕೆಂಬುದು ಇನ್ನೊಂದು ಪಂಥ. 1994ರಲ್ಲಿ ಡೆನ್ಮಾರ್ಕ್ ಆರಂಭಿಸಿದ ಮೆಡ್‌ಕಾಮ್ ಕಾರ್ಯಕ್ರಮ ಈ ಎರಡನೆಯ ದಾರಿಯಲ್ಲಿ ನಡೆದು, ಕುಟುಂಬ ವೈದ್ಯ ಮತ್ತು ಆಸ್ಪತ್ರೆಯ ನಡುವಿನ ಪತ್ರವ್ಯವಹಾರವನ್ನು ಬಹುಪಾಲು ಗಣಕಕ್ಕೆ ತಂದಿತು. ಭಾರತದಲ್ಲಿ ಈ ದಾರಿಗೆ ಹತ್ತಿರವಾದುದು ಛತ್ತೀಸ್‌ಗಢದ ಗನಿಯಾರಿಯ ಜನ ಸ್ವಾಸ್ಥ್ಯ ಸಹಯೋಗ ಆಸ್ಪತ್ರೆಗೆಂದು ರೂಪಿಸಲಾದ, ಓಪನ್‌ಎಂಆರ್‌ಎಸ್ ಎಂಬ ಮುಕ್ತ ತಂತ್ರಾಂಶದ ಮೇಲೆ ಕಟ್ಟಿದ ಬಹ್ಮ್‌ನಿ. ಹೊಲದ ಕೆಲಸ ಬಿಟ್ಟು ಬಂದ ರೋಗಿಗೆ ಅದೇ ದಿನ ಎಷ್ಟು ಕೆಲಸ ಮುಗಿಸಿ ಕಳುಹಿಸಬಹುದು ಎಂಬ ಪ್ರಶ್ನೆಯೇ ಇಂಥ ಆಸ್ಪತ್ರೆಯಲ್ಲಿ ತಂತ್ರಾಂಶದ ಅಳತೆಗೋಲು. ಕರ್ನಾಟಕದ್ದೇ ಉದಾಹರಣೆ ಬೇಕಿದ್ದರೆ, ನಿಮ್ಹಾನ್ಸ್, ಬೆಂಗಳೂರಿನ ಐಐಐಟಿ ಮತ್ತು ರಾಜ್ಯದ ಆರೋಗ್ಯ ಇಲಾಖೆ ಸೇರಿ ತಂದ, ಮಾನಸಿಕ ಆರೋಗ್ಯ ದಾಖಲೆಗಳ ಇ-ಮಾನಸ ವ್ಯವಸ್ಥೆ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗೆ ದಾಖಲೆಯ ಮೇಲೆ ಕೊಟ್ಟ ಹಕ್ಕನ್ನು ಆಧಾರವಾಗಿಟ್ಟುಕೊಂಡು, ಒಪ್ಪಿಗೆಯನ್ನು ತಂತ್ರಾಂಶದ ಒಳಗೇ ಹೆಣೆದ ಈ ಪ್ರಯತ್ನಕ್ಕೆ, ಡಿಮ್ಹಾನ್ಸ್‌ನಂಥ ಹಳೆಯ ಮಾನಸಿಕ ಆರೋಗ್ಯ ಸಂಸ್ಥೆಯಿರುವ ಧಾರವಾಡದಲ್ಲಿಯೇ ತಕ್ಕ ಗಮನ ದೊರೆತಿಲ್ಲ. ರೈಲ್‌ಟೆಲ್ ರೈಲ್ವೆ ಆಸ್ಪತ್ರೆಗಳಿಗಾಗಿ ಅಳವಡಿಸಿದ ವ್ಯವಸ್ಥೆಯೂ ಇಲ್ಲಿ ಉಲ್ಲೇಖಾರ್ಹ. ಒಂದೇ ಮಾಲೀಕತ್ವದ ಆಸ್ಪತ್ರೆಗಳ ನಡುವೆ ಹಂಚಿಕೆ ಸುಲಭ ಎಂಬುದನ್ನು ಅದು ತೋರಿಸುತ್ತದೆ, ಕಷ್ಟವಿರುವುದು ಮಾಲೀಕತ್ವ ಬದಲಾಗುವ ಗಡಿಯಲ್ಲಿ.

2020ರ ಆಗಸ್ಟ್ 15ರಂದು ಘೋಷಣೆಯಾಗಿ, 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಈ ಗಡಿಯನ್ನೇ ದಾಟಲು ಹೊರಟಿದೆ. ಅದರ ವಿನ್ಯಾಸ ಮೆಚ್ಚತಕ್ಕದ್ದು. ದಾಖಲೆಯನ್ನು ದೆಹಲಿಯ ಒಂದೇ ಉಗ್ರಾಣದಲ್ಲಿ ಪೇರಿಸದೆ ಹುಟ್ಟಿದ ಆಸ್ಪತ್ರೆಯಲ್ಲಿಯೇ ಇರಿಸಿ, ಆಭಾ ಎಂಬ 14 ಅಂಕಿಗಳ ಆರೋಗ್ಯ ಗುರುತಿನ ಸಂಖ್ಯೆಯ ಮೂಲಕ ಗುರುತು ಹಚ್ಚಿ, ರೋಗಿಯ ಒಪ್ಪಿಗೆ ದೊರೆತಾಗ ಮಾತ್ರ ಎಫ್‌ಎಚ್‌ಐಆರ್ ಎಂಬ ಮಾನದಂಡದಲ್ಲಿ ಕಳುಹಿಸುವ ಏರ್ಪಾಡು ಅದು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್‌ನ ಸರ್ವರುಗಳು ಸೈಬರ್ ದಾಳಿಗೆ ತುತ್ತಾಗಿ, ಅಂಥ ದೊಡ್ಡ ಆಸ್ಪತ್ರೆಯೂ ದಿನಗಟ್ಟಲೆ ಕಾಗದದಲ್ಲಿಯೇ ನಡೆಯಬೇಕಾಗಿ ಬಂದದ್ದನ್ನು ನೆನೆದರೆ, ಚದುರಿಸಿಡುವ ಈ ಕ್ರಮದ ಜಾಣ್ಮೆ ಅರಿವಾಗುತ್ತದೆ. ಆದರೆ ಅನುಷ್ಠಾನದ ಒತ್ತು ನೋಂದಣಿಯ ಮೇಲೆ ಬಿದ್ದಿದೆ. ಮಿಷನ್ ಗುರುತಿಸಿರುವ ದಾಖಲೆಯ ಪ್ರಕಾರಗಳಲ್ಲಿ ಔಷಧಿ ಚೀಟಿ, ಪರೀಕ್ಷಾ ವರದಿ, ಡಿಸ್ಚಾರ್ಜ್ ಸಾರಾಂಶ, ಲಸಿಕೆಯ ವಿವರ ಮೊದಲಾದವು ಇವೆ. ಶಸ್ತ್ರಚಿಕಿತ್ಸೆಗೆ ಕಾಯುತ್ತಿರುವವರ ನಮೂದಿಗೆಂದೇ ಒಂದು ಪ್ರಕಾರವಿಲ್ಲ. ಶಿಫಾರಸು ಮತ್ತು ಮುಂಗಡ ದಿನಾಂಕಗಳನ್ನು ಬರೆಯಲು ಬೇಕಾದ ಚೌಕಟ್ಟು ಎಫ್‌ಎಚ್‌ಐಆರ್‌ನಲ್ಲಿ ಈಗಾಗಲೇ ಇರುವುದರಿಂದ ಇದು ತಾಂತ್ರಿಕ ಅಸಾಧ್ಯತೆಯಲ್ಲ. ಮೊಬೈಲಿನಲ್ಲಿ ತೆಗೆದ ಫೋಟೋವನ್ನು ಏರಿಸಿದರೂ ಅದು ದಾಖಲೆಯೆಂದೇ ಎಣಿಕೆಯಾಗುವ ಸ್ಥಿತಿಯಲ್ಲಿ, ಆ ಫೋಟೋದೊಳಗಿನ ಹಿಮೋಗ್ಲೋಬಿನ್ ಪ್ರಮಾಣವನ್ನು ಗಣಕ ಓದಲಾರದು, ಅದು ಕಡಿಮೆಯಿರುವವರನ್ನು ಮೊದಲೇ ಆರಿಸಿ ಕಬ್ಬಿಣದ ಚಿಕಿತ್ಸೆ ಆರಂಭಿಸಲು ನೆರವಾಗಲಾರದು.

ಸರದಿಯನ್ನೇ ದಾಖಲೆಯಾಗಿಸಿದ ದೇಶವೊಂದಿದೆ. ಪೋರ್ಚುಗಲ್ 2004ರಲ್ಲಿ ಸಿಜಿಕ್ ಎಂಬ ವ್ಯವಸ್ಥೆ ತಂದು, ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಕಾಯುವ ಎಲ್ಲರನ್ನೂ ಒಂದೇ ರಾಷ್ಟ್ರೀಯ ಪಟ್ಟಿಗೆ ಸೇರಿಸಿ, ಗರಿಷ್ಠ ಅವಧಿ ಸಮೀಪಿಸುತ್ತಿದ್ದಂತೆ ಬೇರೆ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ಹಕ್ಕುಪತ್ರವನ್ನು ರೋಗಿಗೆ ತಾನಾಗಿ ತಲುಪಿಸಿತು. ಮುಂದಿನ ಕೆಲವೇ ವರ್ಷಗಳಲ್ಲಿ ಕಾಯುವಿಕೆಯ ಮಧ್ಯಾಂಕ ಅರ್ಧಕ್ಕಿಂತ ಕೆಳಗಿಳಿಯಿತು. ಪಟ್ಟಿ ಹಂಚಿಕೆಯಾದ್ದರಿಂದಲೇ ಯಾವ ಊರಿನಲ್ಲಿ ಮೇಜು ಖಾಲಿಯಿದೆ, ಯಾರು ಸಿದ್ಧರಿದ್ದಾರೆ ಎಂಬುದು ಕಾಣಿಸಿತು. ಹುಬ್ಬಳ್ಳಿಗೆ ರೋಗಿಗಳನ್ನು ಕಳುಹಿಸುತ್ತಿದ್ದ ಗದಗ, ಕೊಪ್ಪಳ, ಕಾರವಾರಗಳಲ್ಲಿ 2015-16ರ ಸುಮಾರಿಗೆ ಸರ್ಕಾರಿ ವೈದ್ಯಕೀಯ ಕಾಲೇಜುಗಳೇ ಆರಂಭವಾಗಿವೆ. ಆದರೂ ಪಿತ್ತಕೋಶದ ಕಲ್ಲಿಗೆ ಹುಬ್ಬಳ್ಳಿಯಲ್ಲಿ ಕಾಯುವ ಗದಗದ ರೋಗಿಗೆ ಅದೇ ಶಸ್ತ್ರಚಿಕಿತ್ಸೆ ತನ್ನ ಊರಿನಲ್ಲಿ ಬೇಗ ಆಗಬಹುದೇ ಎಂದು ಹೇಳಬಲ್ಲ ಸಾರ್ವಜನಿಕ ಪಟ್ಟಿ ಒಂದೂ ಇಲ್ಲ.

ಈ ಸಮೀಕ್ಷೆಯಲ್ಲಿ ಕಾಣುವ ಖಾಲಿ ಜಾಗಗಳು ತಂತ್ರಜ್ಞಾನದವಲ್ಲ. ಶಸ್ತ್ರಚಿಕಿತ್ಸೆ ಬೇಕೆಂದು ವೈದ್ಯರು ತೀರ್ಮಾನಿಸಿದ ದಿನಾಂಕವನ್ನು ಬರೆದಿಡುವ ಪದ್ಧತಿ ಗಟ್ಟಿಯಾಗಿ ನೆಲೆಯೂರದಿರುವುದರಿಂದ, ಕಾಯುವಿಕೆ ಎಂದಿನಿಂದ ಎಣಿಕೆಯಾಗಬೇಕು ಎಂಬುದೇ ಅಸ್ಪಷ್ಟವಾಗಿ ಉಳಿಯುತ್ತದೆ. ಓಟಿ ರಿಜಿಸ್ಟರಿನಲ್ಲಿ ನಡೆದ ಶಸ್ತ್ರಚಿಕಿತ್ಸೆಗಳು ದಾಖಲಾಗುವಷ್ಟು ನಿಷ್ಠೆಯಿಂದ ರದ್ದಾದವುಗಳ ಕಾರಣ ದಾಖಲಾಗುವುದಿಲ್ಲ. ಒಂದೇ ಹೆಸರು ರೇಷನ್ ಕಾರ್ಡಿನಲ್ಲೊಂದು, ಆಧಾರಿನಲ್ಲೊಂದು, ಕೇಸ್ ಪೇಪರಿನಲ್ಲೊಂದು ಕಾಗುಣಿತದಲ್ಲಿದ್ದು, ಅಡ್ಡಹೆಸರು ಒಮ್ಮೆ ಮುಂದೆ ಒಮ್ಮೆ ಹಿಂದೆ ಬರುವ ಈ ಸೀಮೆಯಲ್ಲಿ ದಾಖಲೆಗಳನ್ನು ಒಬ್ಬನೇ ವ್ಯಕ್ತಿಗೆ ಜೋಡಿಸುವುದು ಅನುಭವಿ ಮನುಷ್ಯರ ಕೆಲಸ. ಎಚ್‌ಐವಿ ಸ್ಥಿತಿ, ಮಾನಸಿಕ ಕಾಯಿಲೆ, ಗರ್ಭಪಾತದಂಥ ವಿವರಗಳಲ್ಲಿ ಎಷ್ಟನ್ನು ಹಂಚಬಹುದು ಎಂಬುದನ್ನು ರೋಗಿಗೆ ಅವನ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯುವುದೂ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಂತರ, ಗುಂಡಿ ಒತ್ತಿಸಿ ಮುಗಿಸುವ ಕೆಲಸವಾಗಿ ಉಳಿದಿಲ್ಲ. ಈ ಎಲ್ಲ ಹೊಣೆಯನ್ನು ಹೊರಬೇಕಾದವರು ವೈದ್ಯಕೀಯ ದಾಖಲೆ ವಿಭಾಗದ ತಂತ್ರಜ್ಞರು. ಕಡತ ಹುಡುಕುವ, ರೋಗನಿರ್ಣಯಕ್ಕೆ ಸಂಕೇತ ಕೊಡುವ, ಎರಡಾದ ನೋಂದಣಿಗಳನ್ನು ಒಂದಾಗಿಸುವ ಅವರ ಹುದ್ದೆಗಳನ್ನು ತುಂಬುವ ಮಾತು, ಗಣಕಗಳ ಖರೀದಿಯ ಮಾತಿನೊಂದಿಗೆ ಒಂದೇ ಕಡತದಲ್ಲಿ ಬರಬೇಕಾಗಿದೆ.